ಕಿಶೋರರ ಬೀರುವಿನಲ್ಲಿ ಬಿಡಾರ ಮಾಡಿರುವ ನಾಗಪ್ಪನವರಿಗೆ

ಶ್ರೀ ನಾಗಪ್ಪನವರ ಸನ್ನಿಧಿಗೆ,
ನಡುವಿನ ಖಾನೆ, ಕಿಶೋರ ವಿಭಾಗದ ಬೀರು, ಯುವಕ ಸಂಘದ ವಾಚನಾಲಯ, ಹಳೇ ಚಾವಡಿ,
ಮಧುರೆ ಹೋಬಳಿ, ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರು ಜಿಲ್ಲೆ.

ಸೌಮ್ಯ ಸಂವತ್ಸರದ ಮಾರ್ಗಶಿರ, ೧೯೬೯ನೆಯ ಇಸವಿ ಡಿಸೆಂಬರ್

ಮಾನ್ಯರೇ,

ಪತ್ರವನ್ನು ಪಾದಾರವಿಂದಗಳಿಗೆ ನಮಸ್ಕರಿಸಿ ಆರಂಭಿಸುವುದು ನಮ್ಮ ಹಿರಿಯರ ಪದ್ಧತಿ. ತಮಗೆ ಪಾದಗಳಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿಯಾದ್ದರಿಂದ, ಇಲ್ಲದುದಕ್ಕೆ ನಮಸ್ಕರಿಸಿ ತಮ್ಮ ಮನಸ್ಸನ್ನು ನೋಯಿಸಲಾರೆ. ಹೆಡೆಗೆ ನಮಸ್ಕರಿಸೋಣವೆಂದರೆ ಅದನ್ನು ನಾನು ಕಣ್ಣಾರೆ ಕಂಡಿಲ್ಲ. ಕಾಣದುದನ್ನು ಕಂಡೆನೆಂದು ಬರೆಯುವ ಅಭ್ಯಾಸ ನನಗಿಲ್ಲ. ಆದುದರಿಂದ ಬೀರುವಿನ ನಡುವಿನ ಖಾನೆಯಲ್ಲಿ ತಾವು ಕಳಚಿಟ್ಟಿದ್ದ, ನಾನು ಕನ್ನಡಕ ಒರೆಸಿಕೊಂಡು ಸ್ಪಷ್ಟವಾಗಿ ನೋಡಿರುವ ಪೊರೆಗೆ ನನ್ನ ಅನಂತ ನಮಸ್ಕಾರಗಳು. ತಾವೂ, ತಮಗೆ ಮನೆ ಕಟ್ಟಿಕೊಟ್ಟ ಗೆದ್ದಲು ಬಂಧುಗಳೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ಊರೆಲ್ಲ ಕ್ಷೇಮ. ನಾನೊಬ್ಬ ಸ್ವಲ್ಪ ಕಡಿಮೆ.

ಈ ಪತ್ರವನ್ನು ಹುತ್ತದ ಬಾಯಿಗೇ ಹಾಕಬಹುದಿತ್ತು. ತಮಗಿಂತ ಮುಂಚೆ ಗೆದ್ದಲು ಅದನ್ನು ಮುಗಿಸಿಬಿಡುವ ಸಂಭವವಿರುವುದರಿಂದ ಚಾವಡಿಯ ಹೊರಗೋಡೆಗೆ ಅಂಟಿಸುತ್ತಿದ್ದೇನೆ. ಊರವರು ಓದಿದರೂ ನನ್ನ ಅಡ್ಡಿಯಿಲ್ಲ, ಇದರಲ್ಲಿ ಅವರಿಗೆ ತಿಳಿಯದ ಗುಟ್ಟು ಯಾವುದೂ ಇಲ್ಲ.

ನಾನು ಈ ಊರಿನ ಸಹಕಾರ ಸಂಘದಲ್ಲಿ ಹಗಲೆಲ್ಲ ಗೊಬ್ಬರದ ಮೂಟೆಗಳ ಹಿಂದೆ ಕೂತಿರುವ ಗುಮಾಸ್ತ. ಸಂಜೆ, ತಾವು ಈಗ ವಾಸವಾಗಿರುವ ವಾಚನಾಲಯದ ಗ್ರಂಥಪಾಲ. ಎರಡನೆಯ ಕೆಲಸಕ್ಕೆ ಸಂಬಳವಿಲ್ಲ, ಆದರೆ ಮನಸ್ಸೆಲ್ಲ ಅಲ್ಲೇ ಇತ್ತು. ನನ್ನ ದೂರು ಒಂದೇ. ತಾವು ಯಾರ ನೇಮಕವೂ ಇಲ್ಲದೆ, ಒಂದು ಪುಸ್ತಕವನ್ನೂ ಓದದೆ, ಈ ಊರಿನ ಹದಿಹರೆಯದವರಿಗೆ ಇಂಥದನ್ನು ಓದಿರೆಂದು ಶಿಫಾರಸು ಮಾಡುವ ಕೆಲಸವನ್ನು ನನ್ನ ಕೈಯಿಂದ ತೆಗೆದುಕೊಂಡಿದ್ದೀರಿ. ಅದಕ್ಕಿಂತ ನೋವಿನ ಸಂಗತಿಯೆಂದರೆ ಚೆನ್ನಾಗಿ ನಡೆಸಿದ್ದೀರಿ.

ತಾವು ಬರುವುದಕ್ಕೆ ಮುಂಚೆ ಆ ವಿಭಾಗ ಹೇಗೆ ನಡೆಯುತ್ತಿತ್ತೆಂಬುದನ್ನು ತಮ್ಮ ಗಮನಕ್ಕೆ ತರುವುದು ಅವಶ್ಯ. ಹೈಸ್ಕೂಲಿನ ಮಕ್ಕಳಿಗೆಂದು ನಾನು ಅನುವಾದದ ಕಾದಂಬರಿಗಳನ್ನೇ ಆರಿಸಿ ತರಿಸಿದ್ದೆ. ನಮ್ಮ ಊರು ಹೇಗಿದೆಯೆಂದು ಮಕ್ಕಳಿಗೆ ಗೊತ್ತೇ ಇದೆ, ಬೇರೆಯವರ ಊರಿನಲ್ಲಿ ಬೆಳಗಾಗುವುದು ಹೇಗೆಂದು ತಿಳಿಯಲಿ ಎಂಬುದು ನನ್ನ ಆಸೆ. ಅವನ್ನು ಓದಲು ಒಂದು ಕ್ರಮವನ್ನೂ ಗೊತ್ತುಮಾಡಿದ್ದೆ. ಮೊದಲು ಬಂಗಾಳಿಯಿಂದ ಬಂದದ್ದು, ಏಕೆಂದರೆ ಅಲ್ಲಿಯವರೂ ಅನ್ನ ಉಣ್ಣುತ್ತಾರೆ. ಆಮೇಲೆ ಮರಾಠಿ. ಅದರಲ್ಲಿ ಪಾಸಾದವರಿಗೆ ಸಮುದ್ರದಾಚೆಯದು. ಹಿಮ ಬೀಳುವ ಕಾದಂಬರಿಗಳನ್ನು ಹತ್ತನೆಯ ತರಗತಿಗೆ ಮುಂಚೆ ಸಾಮಾನ್ಯವಾಗಿ ಕೊಡುತ್ತಿರಲಿಲ್ಲ. ಆಲಿಕಲ್ಲಿನ ಹೊರತು ಬೇರೇನನ್ನೂ ಕಾಣದ ಮಕ್ಕಳು ಊರಿಗೆ ಊರೇ ತಲೆಗೆ ಗೋಣಿಚೀಲ ಹೊದ್ದು ಓಡುವ ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬಾರದಲ್ಲವೇ? ಪ್ರೇಮದ ವಿಷಯವಿರುವ ಪುಸ್ತಕಗಳನ್ನು ಮೇಲಿನ ಖಾನೆಯಲ್ಲಿ ಬೆನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದೆ. ಪುಸ್ತಕ ಕೊಡುವ ಮುಂಚೆ ಓದುವವರನ್ನು ಕೂರಿಸಿಕೊಂಡು ಕೆಲವು ಪ್ರಶ್ನೆ, ಹಿಂದಿರುಗಿಸಿದಾಗ ಶನಿವಾರ ಸಂಜೆ ಕಥೆಯ ಸಾರಾಂಶ. ಇಷ್ಟು ಎಚ್ಚರದಿಂದ ನಡೆಸಿದ್ದರ ಫಲವಾಗಿ ನಮ್ಮ ಪುಸ್ತಕಗಳ ಪುಟಗಳು ಅಚ್ಚಿನ ಮನೆಯಿಂದ ಬಂದ ದಿನದಷ್ಟೇ ಬೆಳ್ಳಗಿದ್ದವು. ಗರಡಿಯ ಹುಡುಗ ಚಿಕ್ಕಬೀರಪ್ಪ ಬಾವಿಕಟ್ಟೆಯ ಹತ್ತಿರ ತನ್ನ ಗೆಳೆಯನಿಗೆ, "ಲೇ, ರಾಮಾಂಜಿನಪ್ಪನೋರ ಹತ್ರ ಪುಸ್ತಕ ಈಸ್ಕೊಳ್ಳೋದ್ಕಿಂತ ಪೊಲೀಸ್ ಸ್ಟೇಷನ್ನಿಗೋಗಿ ಬರೋದು ಸಲೀಸು ಕಣ್ಲಾ" ಎಂದು ಹೇಳುತ್ತಿದ್ದುದು ನನ್ನ ಕಿವಿಗೂ ಬಿದ್ದಿದೆ. ಶಿಸ್ತು ಇರುವ ಕಡೆ ಇಂಥ ಮಾತು ಸಹಜವೆಂದು ತಿಳಿದಿದ್ದೆ.

ಇಷ್ಟೆಲ್ಲ ದಾಟಿ ಬಂದವಳು ಒಬ್ಬಳೇ, ಸೊಣ್ಣಪ್ಪನ ಮಗಳು ಮುತ್ಯಾಲಮ್ಮ. ಒಂಬತ್ತನೆಯ ತರಗತಿ. ಸೊಣ್ಣಪ್ಪನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ; ಮನೆಯ ಹೆಣ್ಣುಮಕ್ಕಳು ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ತಂದು ಹಾಕದಿದ್ದರೆ ಹುಳು ಉಪವಾಸ. "ಕಾದಂಬರಿ ಓದೋ ಹುಡ್ಗೀರು ಸೊಪ್ಪಿಗೆ ಹೋದೋರು ತೋಟದಲ್ಲೇ ಕೂತ್ಬಿಡ್ತಾರೆ ಕಣ್ರೀ, ನಮ್ಮನೇಗೆ ಅವು ಬ್ಯಾಡ" ಎಂದು ಸೊಣ್ಣಪ್ಪ ನನಗೆ ಖಂಡಿತವಾಗಿ ಹೇಳಿದ್ದ. ಆದರೂ ಆ ಹುಡುಗಿ ಸೊಪ್ಪಿನ ಬುಟ್ಟಿಯ ತಳದಲ್ಲಿ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ಅವಳಿಗೆ ನಾನು ನಿಯಮ ಸಡಿಲಿಸಿ, ಉತ್ತರದ ಯಾವುದೋ ಚಳಿನಾಡಿನಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಬಂದ ಎರಡು ಸಂಪುಟದ ಒಂದು ಕಾದಂಬರಿಯ ಮೊದಲ ಸಂಪುಟ ಕೊಟ್ಟಿದ್ದೆ. ಅದರಲ್ಲಿ ಹಿಮದ ಮೇಲೆ ಅಂಚೆಯ ಜಾರುಬಂಡಿ ಹೊಡೆಯುವವನಿಗೆ ಜ್ವರ ಬರುತ್ತದೆ, ಅವನ ಮಗಳು ಅಂಚೆಚೀಲವನ್ನು ತಾನೇ ಹೊತ್ತು ಹೆಪ್ಪುಗಟ್ಟಿದ ಸರೋವರ ದಾಟಲು ಹೊರಡುತ್ತಾಳೆ. ಸರೋವರದ ನಟ್ಟನಡುವೆ ಕಾಲಕೆಳಗಿನ ಹಿಮಗಲ್ಲು ಬಿರುಕುಬಿಟ್ಟ ಸದ್ದು ಕೇಳುತ್ತದೆ. ಮೊದಲ ಸಂಪುಟ ಮುಗಿಯುತ್ತದೆ.

ಮುತ್ಯಾಲಮ್ಮ ಅದನ್ನು ಮುಗಿಸಿ ಉಸಿರು ಬಿಗಿಹಿಡಿದು ಎರಡನೆಯ ಸಂಪುಟ ಕೇಳಲು ಬಂದ ದಿನ ಮಂಗಳವಾರ. ಸಾರಾಂಶ ಒಪ್ಪಿಸುವ ದಿನ ಶನಿವಾರ. ನಿಯಮದ ಪ್ರಕಾರ ಶನಿವಾರ ಬಾ ಎಂದೆ. ಶುಕ್ರವಾರ ನನಗೆ ಕಾಮಾಲೆ ಹಿಡಿಯಿತು, ಹೊಸಕೋಟೆಯಲ್ಲಿರುವ ಅಕ್ಕ ಬಂದು ನನ್ನನ್ನು ಪಥ್ಯಕ್ಕೆ ಕರೆದೊಯ್ದಳು, ವಾಚನಾಲಯಕ್ಕೆ ಬೀಗ ಬಿತ್ತು. ಆಷಾಢವೆಲ್ಲ ಆ ಅಂಚೆಯವಳು ಒಡೆಯುತ್ತಿರುವ ಹಿಮಗಲ್ಲಿನ ಮೇಲೆ ಒಂದು ಕಾಲೆತ್ತಿಕೊಂಡು ನಿಂತಿದ್ದಳು.

ಆ ಬೀಗ ಬಿದ್ದ ದಿನಗಳಲ್ಲಿ ತಾವು ದಯಮಾಡಿಸಿದಿರಿ. ಚಾವಡಿಯ ಮಣ್ಣುನೆಲದಿಂದ ಗೆದ್ದಲು ಎದ್ದು, ಬೀರುವಿನ ತಳದ ಹಲಗೆ ತೂತುಮಾಡಿ, ಕೆಳಗಿನ ಖಾನೆಯಲ್ಲಿದ್ದ ಪಂಚವಾರ್ಷಿಕ ಯೋಜನೆಯ ಸರ್ಕಾರಿ ಕಿರುಹೊತ್ತಗೆಗಳನ್ನು ಮೊದಲಿಂದ ಕೊನೆಯವರೆಗೂ ಗಮನವಿಟ್ಟು ತಿಂದು, ಅವುಗಳ ಜಾಗದಲ್ಲಿ ಮೊಣಕಾಲೆತ್ತರದ ಹುತ್ತ ಎಬ್ಬಿಸಿತು. ಆ ಹೊತ್ತಗೆಗಳನ್ನು ಅಷ್ಟು ಆಸಕ್ತಿಯಿಂದ ಮುಗಿಸಿದವರು ಈ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು. ಮೇಲಿನ ಎರಡು ಖಾನೆಗಳ ಕಾದಂಬರಿಗಳನ್ನು ಗೆದ್ದಲು ಮುಟ್ಟಲಿಲ್ಲ. ನಾನು ಊರಿಗೆ ಮರಳಿದ ದಿನ ಯುವಕ ಸಂಘದ ಅಧ್ಯಕ್ಷ ಬೈರಣ್ಣ ನನ್ನೊಂದಿಗೆ ಬಂದು ಬಾಗಿಲು ತೆಗೆದವನೇ "ಅಯ್ಯಯ್ಯೋ, ನಾಗಪ್ಪ!" ಎಂದು ಕೂಗಿ ನನ್ನ ಕಾಲು ತುಳಿದು ಹೊರಗೋಡಿದ. ಪುಸ್ತಕಗಳ ಮೇಲೆ ಜರಿಯಂಚಿನ ವಸ್ತ್ರ ಒಣಹಾಕಿದಂತೆ ತಮ್ಮ ಪೊರೆ ಹರಡಿತ್ತು.

ಕೂಗು ಕೇಳಿ ಎದುರುಮನೆಯ ಅಜ್ಜಿ ಸಪ್ಪಲಮ್ಮ ಬಂದಳು. ನಾಗರಪೂಜೆಯೆಂದರೆ ಈ ಊರಿನಲ್ಲಿ ಸಪ್ಪಲಮ್ಮನ ಮಾತೇ ಮಾತು. ಅವಳು ಹೊಸಿಲಲ್ಲೇ ಕೈಮುಗಿದು, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದು, ಅರಿಶಿನ ಕುಂಕುಮ ಇಟ್ಟು, ಹುತ್ತಕ್ಕೆ ಹಾಲೆರೆದಳು. ಬೀರುವಿಗೆ ಅರಿಶಿನದ ದಾರ ಸುತ್ತಿದ್ದಾಯಿತು. ನಾನು ವಿನಯದಿಂದ, ಎರಡನೆಯ ಸಂಪುಟ ಒಂದನ್ನು ಮಾತ್ರ ತೆಗೆದುಕೊಳ್ಳಲೇ ಎಂದು ಕೇಳಿದೆ. "ಏನಪ್ಪಾ ರಾಮಾಂಜಿನಪ್ಪ, ಓದಿದೋನು ನೀನು, ದೇವರ ಮೈಮೇಲಿನ ಬಟ್ಟೆ ಕೆಳಗೆ ಕೈ ಹಾಕ್ತೀಯಾ?" ಎಂದಳು. ನಾನು ಓದಿದ ಯಾವ ಅನುವಾದದಲ್ಲೂ ದೇವರು ಪುಸ್ತಕಗಳ ಮೇಲೆ ಬಟ್ಟೆ ಒಣಹಾಕಿರಲಿಲ್ಲ; ಕೈ ಹಿಂದಕ್ಕೆ ತೆಗೆದೆ.

ಇಲ್ಲಿ ಒಂದು ಸಣ್ಣ ಆಕ್ಷೇಪಣೆಗೆ ಅವಕಾಶ ಬೇಡುತ್ತೇನೆ. ಘಾಟಿ ಸುಬ್ರಹ್ಮಣ್ಯ ನಮಗೆ ದೂರವಲ್ಲ. ಅಲ್ಲಿ ತಮ್ಮವರಿಗೆ ಮರದ ನೆರಳಿದೆ, ಸಾಲುಸಾಲು ನಾಗರಕಲ್ಲಿದೆ, ರಾಜ್ಯದ ಎಲ್ಲ ಕಡೆಯಿಂದ ಭಕ್ತರು ಬರುತ್ತಾರೆ, ಹಾಲಿಗೆ ಕೊರತೆಯಿಲ್ಲ. ಅಷ್ಟು ಅನುಕೂಲ ಇರುವಾಗ ಅದನ್ನು ಬಿಟ್ಟು, ಹಂಚು ಸೋರುವ ಒಂದು ಚಾವಡಿಯ ಹಲಸಿನ ಮರದ ಬೀರುವನ್ನು ಹುಡುಕಿಕೊಂಡು ಬಂದದ್ದು ತಮ್ಮ ಸರಳತೆಯನ್ನು ತೋರಿಸುತ್ತದೆ. ಅದರಲ್ಲೂ ಸಂಘದ ಕೇರಂ ಬೋರ್ಡನ್ನು ಬಿಟ್ಟು ಕಿಶೋರ ವಿಭಾಗವನ್ನೇ ಆರಿಸಿಕೊಂಡದ್ದು ತಮ್ಮ ಅಭಿರುಚಿಯನ್ನು.

ಶ್ರಾವಣ ಬಂತು, ಪಂಚಮಿಗೆ ಸುತ್ತಲ ಹಳ್ಳಿಗಳಿಂದ ಜನ ಬಂದರು, ಬೈರಣ್ಣನಿಗೆ ಹುರುಪು ಬಂತು. ಮಾರ್ಗಶಿರದ ಷಷ್ಠಿಯ ದಿನ ಬೀರುವಿನ ಮುಂದೆ ಕಬ್ಬಿಣದ ಜಾಲರಿ ಕೂರಿಸಿ, ಸುತ್ತ ಸಿಮೆಂಟು ಮಾಡಿ, ಅದನ್ನು ಗುಡಿಯಾಗಿಸುವುದೆಂದು ಸಂಘದಲ್ಲಿ ತೀರ್ಮಾನವಾಯಿತು. ಒಳಗಿನ ಪುಸ್ತಕಗಳೇನಾಗಬೇಕು ಎಂದು ಬೈರಣ್ಣನನ್ನು ಕೇಳಿದೆ. "ಇರ್ಲಿ ಬಿಡಿ, ದೇವರ ಹತ್ರ ಇದ್ರೆ ಭದ್ರವಾಗಿರ್ತವೆ" ಎಂದ. ಅದು ನಿಜ. ಭದ್ರತೆಯ ವಿಷಯದಲ್ಲಿ ನಾನೂ ಅಲ್ಲಿಯವರೆಗೆ ಅದೇ ಅಭಿಪ್ರಾಯದವನಾಗಿದ್ದೆ. ಆದರೆ ಸಂಜೆ ಹೊತ್ತು ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾಗಿಲಾಚೆ ನಿಂತು, ಎಡತುದಿಯಲ್ಲಿ ಕಾಣುವ ಎರಡನೆಯ ಸಂಪುಟದ ನೀಲಿ ಬೆನ್ನನ್ನೇ ನೋಡಿ ಹೋಗುತ್ತಿದ್ದ ಆ ಹುಡುಗಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. "ಸಾರ್, ಅವ್ಳು ಮುಳುಗೋದ್ಳಾ ಬದುಕಿದ್ಳಾ, ಅಷ್ಟಾದ್ರೂ ಹೇಳ್ಬಿಡಿ" ಎಂದು ಒಂದು ದಿನ ಕೇಳಿದಳು. ನಾನು ಹೇಳಲಿಲ್ಲ. ಕಾದಂಬರಿಯ ಕೊನೆಯನ್ನು ಬಾಯಿಮಾತಿನಲ್ಲಿ ಹೇಳಿಬಿಡುವುದು ನನ್ನ ಕೈಲಾಗದ ಕೆಲಸ.

ಅವಳು ನನ್ನ ಹತ್ತಿರ ಕೇಳುವುದನ್ನು ಬಿಟ್ಟು ನೇರವಾಗಿ ತಮ್ಮ ಹತ್ತಿರವೇ ಕೇಳಿದಳು. ಮಂಗಳವಾರದ ಪೂಜೆಯ ಹೊತ್ತಿಗೆ ಸ್ನಾನ ಮಾಡಿ ಬಂದು, "ಅಜ್ಜಿ, ನಾಗಪ್ಪ ನಂಗೊಂದು ಪುಸ್ತಕ ಕೊಡ್ತಾನಾ, ಹೂ ಕೇಳಿ ನೋಡು" ಎಂದಳು. ನಮ್ಮ ಸೀಮೆಯಲ್ಲಿ ಮದುವೆಗೂ ಕೊಳವೆ ಬಾವಿಗೂ ದೇವರಲ್ಲಿ ಹೂ ಕೇಳುತ್ತಾರೆ. ಪುಸ್ತಕಕ್ಕೆ ಕೇಳಬಾರದೆಂದು ಎಲ್ಲಿಯೂ ಹೇಳಿಲ್ಲ. ಸಪ್ಪಲಮ್ಮ ಸ್ವಲ್ಪ ಯೋಚಿಸಿ, ಮೇಲಿನ ಖಾನೆಯ ಮೇಲಂಚಿನ ಹಲಗೆಗೆ ಒದ್ದೆ ಅರಿಶಿನ ಮೆತ್ತಿ ಕಣಗಿಲೆ ಹೂಗಳನ್ನು ಸಾಲಾಗಿ ಅಂಟಿಸಿ, ಊದುಬತ್ತಿ ಹಚ್ಚಿ, ಹುಡುಗಿಯ ಹೆಸರು ಹೇಳಿ ಕೈಮುಗಿದು ನಿಂತಳು. ಊದುಬತ್ತಿ ಆರುವುದರೊಳಗೆ ಯಾವ ಹೂ ಬೀಳುವುದೋ ಅದರ ಕೆಳಗಿನ ಪುಸ್ತಕ ಪ್ರಸಾದ. ಯಾವುದೂ ಬೀಳದಿದ್ದರೆ ಮುಂದಿನ ಮಂಗಳವಾರ. ಬತ್ತಿ ಅರ್ಧ ಉರಿಯುವಷ್ಟರಲ್ಲಿ ಹೂವೊಂದು ಬಿತ್ತು. ಎಡತುದಿಯಲ್ಲಲ್ಲ, ಬಲಗಡೆ, ಗೋಡೆಗೆ ಮುಖಮಾಡಿಸಿ ನಾನು ಶಿಕ್ಷೆಗೆ ನಿಲ್ಲಿಸಿದ್ದ ಪುಸ್ತಕವೊಂದರ ಮೇಲೆ.

ಕಿಟಕಿ ಬಲಗಡೆಯಿರುವುದರಿಂದ ಗಾಳಿ ಅಲ್ಲಿಗೇ ಹೆಚ್ಚು ತಗಲುತ್ತದೆ ಎಂಬ ಸಂಶಯ ನನಗೆ ಆಗಲೇ ಬಂತು. ಊರು ಅದನ್ನು ತಮ್ಮ ಇಚ್ಛೆಯೆಂದು ತಿಳಿಯಿತು. ನಾನು ತಿದ್ದಲು ಹೋಗಲಿಲ್ಲ.

ಆ ಪುಸ್ತಕ ಯಾವುದೆಂದು ತಮಗೆ ತಿಳಿದಿರಲಾರದು. ಸಮುದ್ರದ ನಡುವಿನ ದೀಪಸ್ತಂಭವನ್ನು ಕಾಯುತ್ತಿದ್ದವನು ಸತ್ತುಹೋದ ಮೇಲೆ ಅವನ ಹೆಂಡತಿ ತಾನೇ ದೀಪ ಹಚ್ಚಿಕೊಂಡಿರುತ್ತಾಳೆ. ತಿಂಗಳಿಗೊಮ್ಮೆ ಎಣ್ಣೆಯ ಪೀಪಾಯಿ ತರುವ ದೋಣಿಯವನ ಮೇಲೆ ಅವಳಿಗೆ ಮನಸ್ಸಾಗುತ್ತದೆ. ಪಿಯುಸಿಗೆ ಮುಂಚೆ ಕೊಡತಕ್ಕದ್ದಲ್ಲ ಎಂದು ನಾನು ತೀರ್ಮಾನಿಸಿದ್ದ ಪುಸ್ತಕ. ತಾವು ಅದನ್ನು ಒಂಬತ್ತನೆಯ ತರಗತಿಯ ಹುಡುಗಿಗೆ, ರಟ್ಟಿನ ಮೇಲೆ ಕುಂಕುಮದ ಬೊಟ್ಟಿಟ್ಟು ಕೊಡಿಸಿದಿರಿ.

ನಾನು ಸೊಣ್ಣಪ್ಪನ ಮನೆಯಲ್ಲಿ ಗಲಾಟೆಯಾಗುವುದೆಂದು ಕಾದೆ. ಸೊಣ್ಣಪ್ಪ ಚಪ್ಪಲಿ ಬಿಟ್ಟು ಕಾಲು ತೊಳೆದುಕೊಂಡು ಬಂದು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ಇಟ್ಟ. ಪ್ರಸಾದವನ್ನು ಬೇಡವೆನ್ನುವಂತಿಲ್ಲ, ನೆಲಕ್ಕೆ ತಾಗಿಸುವಂತಿಲ್ಲ, ಅರ್ಧಕ್ಕೆ ಬಿಡುವಂತಿಲ್ಲ. ಮನೆಯವರೆಲ್ಲರಿಗೂ ಸೇರಿದ ಪ್ರಸಾದವಾದ್ದರಿಂದ ಅದನ್ನು ಗಟ್ಟಿಯಾಗಿಯೇ ಓದಬೇಕು. ಹುಳುಗಳು ಸೊಪ್ಪು ಮೇಯುವ ಸದ್ದಿನ ನಡುವೆ ಮುತ್ಯಾಲಮ್ಮ ಓದುತ್ತಿದ್ದಳು, ಪ್ರತಿ ಅಧ್ಯಾಯದ ಕೊನೆಗೆ ಅವಳ ತಾಯಿ ಕರ್ಪೂರ ಬೆಳಗುತ್ತಿದ್ದಳು. ದೀಪಸ್ತಂಭದವಳು ದೋಣಿಯವನ ಕಡೆ ತಿರುಗಿ ನೋಡಲೂ ಹೆದರುವ ಭಾಗಕ್ಕೆ ಬಂದಾಗ, ಗೋಡೆಗೊರಗಿ ಕೂತಿದ್ದ ಅಜ್ಜಿ ಅಮ್ಮಯಮ್ಮ ತಡೆಯಲಾರದೆ, "ಎಣ್ಣೆಯೋನು ಒಳ್ಳೇನೇ ಕಣೇ, ಮಾಡ್ಕೊಂಡ್ಬಿಡು, ಒಬ್ಬಳೇ ಎಷ್ಟು ದಿನ ಅಂತ ದೀಪ ಹಚ್ತೀಯ" ಎಂದಳಂತೆ. "ಅಮ್ಮಾ, ಪ್ರಸಾದ ಅದು, ನಡುವೆ ಬಾಯಿ ಹಾಕ್ಬೇಡ" ಎಂದು ಸೊಣ್ಣಪ್ಪ ಗದರಿಸಿದನಂತೆ. ಆದರೆ ಮರುದಿನ ತಾನೇ ಸಹಕಾರ ಸಂಘಕ್ಕೆ ಗೊಬ್ಬರಕ್ಕೆ ಬಂದವನು ಮೂಟೆ ಹೊರುವುದನ್ನು ಮರೆತು, "ಅಲ್ಲ ಸಾಮಿ, ಆ ಊರಲ್ಲಿ ಹಂಗೆಲ್ಲ ಮಾಡ್ಕೋಬೋದಾ?" ಎಂದು ನನ್ನನ್ನು ಕೇಳಿದ. ನಾನು ಇಷ್ಟು ವರ್ಷ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ಪ್ರಶ್ನೆಯನ್ನು ತಮ್ಮ ದಯೆಯಿಂದ ಸೊಣ್ಣಪ್ಪ ಕೇಳಿದ.

ಮುಂದಿನ ಮಂಗಳವಾರದಿಂದ ಚಾವಡಿಯ ಮುಂದೆ ಸರದಿ. ದೀಪಾವಳಿಗೂ ಮೈಗೆ ಎಣ್ಣೆ ತಾಗಿಸದ ಹುಡುಗರು ತಲೆಗೆ ಸ್ನಾನ ಮಾಡಿ, ಕೂದಲಿಂದ ನೀರು ಸುರಿಸುತ್ತ ಬಂದು ನಿಂತರು. ತಾವು ಅವರ ತರಗತಿ ಕೇಳಲಿಲ್ಲ, ಹಿಂದೆ ಏನು ಓದಿದ್ದಾರೆಂದು ಕೇಳಲಿಲ್ಲ, ಅವರಿಗೆ ಯಾವುದು ಹೊಂದುತ್ತದೆಂದು ಒಂದು ಕ್ಷಣ ಯೋಚಿಸಿದ ಲಕ್ಷಣವೂ ಕಾಣಲಿಲ್ಲ. ಗರಡಿಯ ಚಿಕ್ಕಬೀರಪ್ಪನಿಗೆ ನಾನಾಗಿದ್ದರೆ ಕತ್ತಿವರಸೆಯ ಕಥೆ ಕೊಡುತ್ತಿದ್ದೆ. ತಾವು ಕೊಟ್ಟದ್ದು, ಒಬ್ಬ ಹುಡುಗ ಕಾಯಿಲೆಯ ಅಕ್ಕನ ಹಾಸಿಗೆಯ ಪಕ್ಕ ಕೂತಿರುವುದನ್ನು ಬಿಟ್ಟರೆ ಬೇರೇನೂ ನಡೆಯದ ಬಂಗಾಳಿ ಕಾದಂಬರಿ. ಅವನು ಗರಡಿಯ ಹಿಂದೆ ಕೂತು ಅದನ್ನು ಓದಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಗೆಳೆಯರು ಹಿಡಿದರು. "ಗರಡಿ ಮಣ್ಣು ಬಿತ್ತು ಕಣ್ರಲಾ ಕಣ್ಣಿಗೆ" ಎಂದ. "ಎರಡೂ ಕಣ್ಣಿಗಾ?" ಎಂದು ಅವರು ಕೇಳಿದರಂತೆ. ನಾಲ್ಕು ಜನರೆದುರು ಬಾಯಿಬಿಡದ ಬೈರಣ್ಣನ ಮಗನಿಗೆ ಕಡಲ್ಗಳ್ಳರ ಕಥೆ ಹೋಯಿತು. ಅಂದಿನಿಂದ ಅವನು ಕೆರೆಯಲ್ಲಿ ಎಮ್ಮೆ ಮೈತೊಳೆಯುವಾಗ ಅವುಗಳಿಗೆ ಹಡಗಿನ ಕಪ್ತಾನನ ಹಾಗೆ ಅಪ್ಪಣೆ ಕೊಡುತ್ತಾನೆ, ಎಮ್ಮೆಗಳು ಕೇಳುತ್ತವೆ. ನಾನು ಹೊಂದುತ್ತದೆಂದು ತಿಳಿದದ್ದನ್ನು ಕೊಟ್ಟು ಒಬ್ಬರನ್ನೂ ಉಳಿಸಿಕೊಳ್ಳಲಿಲ್ಲ. ತಾವು ಹೊಂದದ್ದನ್ನೇ ಕೊಟ್ಟು ಎಲ್ಲರನ್ನೂ ಹಿಡಿದಿಟ್ಟಿದ್ದೀರಿ. ಇದು ಯಾವ ಶಾಸ್ತ್ರವೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಒಂದು ಲೋಪವನ್ನು ಮಾತ್ರ ಹೇಳಲೇಬೇಕು. ತಮ್ಮ ಆಡಳಿತದಲ್ಲಿ ಪುಸ್ತಕಗಳು ಹಿಂದಿರುಗುವುದಿಲ್ಲ. "ಓದಿ ಆಯ್ತಲ್ಲಪ್ಪ, ತಂದುಕೊಡು" ಎಂದು ನಾನು ಒಬ್ಬ ಹುಡುಗನಿಗೆ ಹೇಳಿದಾಗ ಅವನ ತಾಯಿ ಒಳಗಿಂದಲೇ, "ತೀರ್ಥ ಕುಡಿದು ವಾಪಸ್ ಉಗೀತಾರಾ?" ಎಂದು ಕೇಳಿದಳು. ಗ್ರಂಥಾಲಯಗಳ ಬಗ್ಗೆ ಬಂದಿರುವ ಯಾವ ಕಾಯಿದೆಯಲ್ಲೂ ಇದಕ್ಕೆ ಪರಿಹಾರ ಸೂಚಿಸಿಲ್ಲ.

ಹೀಗೆ ವಾರವಾರ ಒಂದೊಂದೇ ಹೂ ಬೀಳುತ್ತ ಕಾರ್ತಿಕ ಕಳೆಯಿತು. ಮುತ್ಯಾಲಮ್ಮ ಪ್ರತಿ ಮಂಗಳವಾರ ಬಂದಳು, ಹೂ ಎಂದೂ ಎಡತುದಿಗೆ ಬೀಳಲಿಲ್ಲ. ಷಷ್ಠಿ ಬಂದಾಗಲೂ ಖಾನೆಗಳು ಮುಕ್ಕಾಲು ತುಂಬಿದ್ದವು, ನೀಲಿ ಬೆನ್ನಿನ ಸಂಪುಟ ಅಲ್ಲೇ ಇತ್ತು. ಗಾರೆ ಕೆಲಸದ ಆವಲಪ್ಪ ಬೆಳಿಗ್ಗೆಯೇ ಜಾಲರಿ ತಂದು ಬಾಗಿಲಿಗೆ ಒರಗಿಸಿ ಸಿಮೆಂಟು ಕಲಸಿದ. ಮಕ್ಕಳೆಲ್ಲ ಸ್ನಾನ ಮಾಡಿ ಬಂದು ಮೂಗಿನ ತುದಿ ಕೆಂಪಗೆ ಮಾಡಿಕೊಂಡು ನಿಂತಿದ್ದರು. ಸಪ್ಪಲಮ್ಮ ಅವರ ಮುಖಗಳನ್ನು ನೋಡಿದಳು. ಆ ದಿನ ಸಾಲು ಹೂ ಅಂಟಿಸಲಿಲ್ಲ. ಒಂದೇ ಒಂದು ದಪ್ಪ ಸೇವಂತಿಗೆಯನ್ನು ಬೀರುವಿನ ನೆತ್ತಿಯ ಮೇಲೆ ಇಟ್ಟು, ತಮ್ಮನ್ನು ಕುರಿತು ಹೀಗೆಂದಳು: "ಅಪ್ಪಾ ನಾಗಪ್ಪ, ಇವತ್ತಿಂದ ನಿಂಗೆ ಬಾಗಿಲು ಬತ್ತೈತೆ. ಇನ್ಮೇಲೆ ಈ ಮಕ್ಕಳು ಒಳಕ್ಕೆ ಕೈ ಇಕ್ಕಾಕಾಗಲ್ಲ. ಕೊಡೋದಾದ್ರೆ ಎಲ್ಲಾನೂ ಇವತ್ತೇ ಕೊಟ್ಬಿಡು, ಬಲಕ್ಕೆ ಹೂ ಹಾಕು. ಇಲ್ಲ ಅನ್ನೋದಾದ್ರೆ ಎಡಕ್ಕಾಕು. ಸುಮ್ನೆ ಮಾತ್ರ ಕೂತ್ಕೋಬೇಡ."

ತಾವು ಸುಮ್ಮನೆ ಕೂತಿರಿ. ಊದುಬತ್ತಿ ಆರಿತು, ಇನ್ನೊಂದು ಹಚ್ಚಿದರು, ಅದೂ ಆರಿತು. ಸೇವಂತಿಗೆ ಅಲುಗಲಿಲ್ಲ. "ಅಮ್ಮಾ, ನಿಮ್ಮಪ್ಪ ಯೋಚ್ನೆ ಮಾಡಿ ಮುಗಿಸೋದ್ರಲ್ಲಿ ನನ್ನ ಸಿಮೆಂಟು ಕಲ್ಲಾಗ್ತೈತೆ" ಎಂದು ಆವಲಪ್ಪ ಗೊಣಗಿ, ಅಳತೆ ನೋಡುವುದಾದರೂ ಆಗಲಿ ಎಂದು ಜಾಲರಿಯನ್ನು ಎತ್ತಿ ತಂದ. ಅದು ಭಾರ, ಅವನು ಸಣಕಲು. ಜಾಲರಿಯ ಮೂಲೆ ಬೀರುವಿಗೆ ಢಣ್ಣೆಂದು ತಗಲಿತು. ಸೇವಂತಿಗೆ ಉರುಳಿತು. ಬಲಕ್ಕೆ.

ಮಕ್ಕಳ ಕೂಗಿಗೆ ಚಾವಡಿಯ ಪಾರಿವಾಳಗಳೆಲ್ಲ ಎದ್ದವು. ಬೈರಣ್ಣ ಎರಡೂ ಕೈ ಅಡ್ಡ ಚಾಚಿ, "ಇದು ನಡೆಯಲ್ಲ, ಜಾಲರಿ ತಗುಲಿ ಬಿತ್ತು, ನಾಗಪ್ಪ ಕೊಟ್ಟಿದ್ದಲ್ಲ" ಎಂದ. ಸಪ್ಪಲಮ್ಮ ಅವನ ಕಡೆ ತಿರುಗಿ, "ಏನ್ಲಾ ಬೈರ, ಅವನು ಬಾಲದಲ್ಲಿ ಅಲ್ಲಾಡ್ಸಿದ್ರೇನು, ಆವಲಪ್ಪನ ಕೈಲಿ ಅಲ್ಲಾಡ್ಸಿದ್ರೇನು? ಬಲಕ್ಕೆ ಬಿತ್ತೋ ಇಲ್ವೋ, ಅಷ್ಟೇಳು" ಎಂದಳು. ಬೈರಣ್ಣ ನನ್ನ ಮುಖ ನೋಡಿದ. ಓದಿದವನು, ನ್ಯಾಯ ಹೇಳುವನೆಂದು ಅವನ ನಂಬಿಕೆ. ನಿಖರವಾಗಿ ಮಾತಾಡುವವನೆಂಬ ಹೆಸರು ನನಗಿರುವುದರಿಂದ, ಹೂ ಬಲಕ್ಕೆ ಬಿದ್ದದ್ದನ್ನು ನಾನು ನೋಡಿದೆನೆಂದು ನಿಖರವಾಗಿ ಹೇಳಿದೆ. ಬೇರೆ ಏನನ್ನೂ ಅವನು ಕೇಳಲಿಲ್ಲ.

ಸಪ್ಪಲಮ್ಮ ಪೊರೆಯನ್ನು ಮಡಿಸಿ ಹುತ್ತದ ಮೇಲಿಟ್ಟು, ಕೈಗೆ ಬಂದ ಪುಸ್ತಕವನ್ನು ಎದುರಿಗೆ ಬಂದ ಕೈಗೆ ಕೊಡುತ್ತ ಹೋದಳು. ನೀಲಿ ಬೆನ್ನಿನ ಎರಡನೆಯ ಸಂಪುಟ ಚಿಕ್ಕಬೀರಪ್ಪನ ಕೈಗೆ ಹೋಯಿತು. ಮುತ್ಯಾಲಮ್ಮನ ಕೈಗೆ ಬಂದದ್ದು ಕೋಳಿಗಳ ಕುರಿತು ಬರೆದ ಒಂದು ಹಾಸ್ಯದ ಪುಸ್ತಕ. ಅವಳು ಅದನ್ನು ತೆರೆಯದೆ ಚಿಕ್ಕಬೀರಪ್ಪನ ಕೈಯಲ್ಲಿದ್ದ ನೀಲಿ ಬೆನ್ನನ್ನೇ ನೋಡಿದಳು. ಒಬ್ಬರ ಪ್ರಸಾದವನ್ನು ಇನ್ನೊಬ್ಬರಿಗೆ ಕೊಡಬಹುದೋ ಬಾರದೋ ಎಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಚಿಕ್ಕಬೀರಪ್ಪ ಮೊದಲ ಪುಟ ತೆರೆದವನು ಗಾಬರಿಯಿಂದ, "ಅಜ್ಜಿ, ಇದ್ರಲ್ಲಿ ಒಬ್ಳು ಆಗ್ಲೇ ನೀರಿಗೆ ಬಿದ್ದವ್ಳೆ! ಯಾರಿವ್ಳು? ಅಲ್ಲಿಗ್ಯಾಕೆ ಹೋದ್ಳು?" ಎಂದು ಕೂಗಿದ. "ಬಿದ್ಳಾ?" ಎಂದು ಇತ್ತ ಕಡೆಯಿಂದ ಮುತ್ಯಾಲಮ್ಮ ಅವನಿಗಿಂತ ಜೋರಾಗಿ ಕೂಗಿದಳು. ಸಪ್ಪಲಮ್ಮ ಇಬ್ಬರನ್ನೂ ನೋಡಿ, "ಪ್ರಸಾದ ಒಬ್ಬೊಬ್ರೇ ಮುಕ್ಕಬಾರದು ಕಣ್ರೋ, ಹಂಚ್ಕೋಬೇಕು. ಅದನ್ನೂ ನಾನೇ ಹೇಳ್ಕೊಡ್ಬೇಕಾ?" ಎಂದು ಆರತಿ ತಟ್ಟೆ ಎತ್ತಿಕೊಂಡು ಹೊರಟೇಹೋದಳು.

ಅಲ್ಲಿಂದ ಮುಂದಿನದು ತಮಗೆ ಕಾಣುವುದಿಲ್ಲ, ತಮಗೆ ಈಗ ಜಾಲರಿ ಬಂದಿದೆ. ಹಿಂದಿರುಗಿಸಬಾರದ ಪುಸ್ತಕಗಳು ಹಂಚಿಕೊಳ್ಳಲೇಬೇಕಾದ ಪುಸ್ತಕಗಳಾಗಿ ಮನೆಯಿಂದ ಮನೆಗೆ, ಜಗಲಿಯಿಂದ ಜಗಲಿಗೆ ನಡೆಯುತ್ತಿವೆ. ಮುತ್ಯಾಲಮ್ಮ ಎರಡನೆಯ ಸಂಪುಟವನ್ನು ಸೊಪ್ಪಿನ ಬುಟ್ಟಿಯ ತಳದಲ್ಲಲ್ಲ, ಸೊಪ್ಪಿನ ಮೇಲಿಟ್ಟುಕೊಂಡು ಹಗಲಿನಲ್ಲೇ ಮನೆಗೆ ಒಯ್ದಳು. ಸೊಣ್ಣಪ್ಪ ದಾರಿ ಬಿಟ್ಟು ನಿಂತ. ಚಿಕ್ಕಬೀರಪ್ಪ ಅವಳಿಂದ ಮೊದಲ ಸಂಪುಟ ಪಡೆದು ಆ ಹುಡುಗಿ ಸರೋವರಕ್ಕೆ ಯಾಕೆ ಹೋದಳೆಂದು ಈಗ ತಿಳಿದುಕೊಳ್ಳುತ್ತಿದ್ದಾನೆ. ನನಗೆ ಇಷ್ಟೆಲ್ಲದರಲ್ಲಿ ಉಳಿದದ್ದು, ಎಲ್ಲರ ಕೈ ತುಂಬಿದ ಮೇಲೆ ಸಪ್ಪಲಮ್ಮ ಹುತ್ತದ ಪಕ್ಕದಿಂದ ಎತ್ತಿ ಕೊಟ್ಟ ಪ್ರಸಾದ: ಮೂರನೆಯ ಪಂಚವಾರ್ಷಿಕ ಯೋಜನೆಯ ನೀರಾವರಿ ಅಧ್ಯಾಯ, ಗೆದ್ದಲು ತಿಂದು ಬಿಟ್ಟಷ್ಟು. ಬೇಡವೆನ್ನುವಂತಿಲ್ಲ, ನೆಲಕ್ಕಿಡುವಂತಿಲ್ಲ, ಅರ್ಧಕ್ಕೆ ಬಿಡುವಂತಿಲ್ಲ. ಓದುತ್ತಿದ್ದೇನೆ. ತೂತುಗಳಿರುವ ಕಡೆ ಅದರ ಶೈಲಿ ಉತ್ತಮವಾಗಿದೆ.

ಈಗ ನನ್ನ ಪ್ರಾರ್ಥನೆಗಳು. ತಾವು ದಯವಿಟ್ಟು ಗ್ರಂಥಪಾಲರ ಹುದ್ದೆಗೆ ಕ್ರಮವಾಗಿ ಅರ್ಜಿ ಸಲ್ಲಿಸಬೇಕು. ಸಹಿಯ ಜಾಗದಲ್ಲಿ ಒಮ್ಮೆ ಹರಿದಾಡಿದರೂ ಸಾಕು. ತಾಲ್ಲೂಕಿನಲ್ಲಿ ಹದಿಹರೆಯದವರಿಗೆ ತಕ್ಕ ಪುಸ್ತಕ ಯಾವುದೆಂದು ಹಿರಿಯರು ಸಭೆ ಸೇರಿ ಚರ್ಚಿಸುವಾಗಲೆಲ್ಲ ತಾವು ಸಭೆಯ ನಡುವೆ ಒಮ್ಮೆ ಸುಳಿದು ಹೋಗಬೇಕು. ಚರ್ಚೆ ಬೇಗ ಮುಗಿಯುತ್ತದೆ, ಪುಸ್ತಕಗಳು ಮಕ್ಕಳಿಗೆ ಬೇಗ ಸಿಗುತ್ತವೆ. ಮೂರನೆಯದಾಗಿ, ನನ್ನ ಹಳೆಯ ಕೆಲಸವನ್ನು ನನಗೆ ಹಿಂದಕ್ಕೆ ಕೊಡಿಸಬೇಕೆಂದು ಬರೆಯಲು ಕೂತಿದ್ದೆ. ನಿನ್ನೆ ಸಂಜೆ ಮುತ್ಯಾಲಮ್ಮ ಬಂದಳು. ಎರಡನೆಯ ಸಂಪುಟ ಮುಗಿದಿತ್ತು, ಕಣ್ಣು ಊದಿಕೊಂಡಿದ್ದವು, ನಗುತ್ತಿದ್ದಳು. "ಸಾರ್, ಮುಂದಕ್ಕೆ ಯಾವ್ದು ಓದ್ಲಿ?" ಎಂದು ಕೇಳಿದಳು. ನಾನು ಪ್ರಶ್ನೆ ಕೇಳಲಿಲ್ಲ, ಸಾರಾಂಶ ಕೇಳಲಿಲ್ಲ. ಬಾವಿಯಾಚೆ ಮುನಿವೆಂಕಟಮ್ಮನ ಮನೆಯಲ್ಲಿ ಮಳೆಗಾಲದ ಒಂದು ಮರಾಠಿ ಕಾದಂಬರಿಯಿದೆ, ಹೋಗಿ ಹಂಚಿಕೊ ಎಂದೆ. ಓಡಿದಳು. ಆದುದರಿಂದ ಆ ಮೂರನೆಯ ಪ್ರಾರ್ಥನೆಯನ್ನು ತಾವು ಪರಿಗಣಿಸುವ ಅಗತ್ಯವಿಲ್ಲ.

ತಮ್ಮಿಂದ ಬೀರು ಕಳೆದುಕೊಂಡರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕೆ. ರಾಮಾಂಜಿನಪ್ಪ

ಮರೆತದ್ದು: ಇಲ್ಲಿಂದ ಬಸ್ಸಿನಲ್ಲಿ ಹೋಗಬಹುದಾದ ಒಂದು ಪಟ್ಟಣದ ಹೈಸ್ಕೂಲಿನಲ್ಲಿ, ಹೆಡ್‌ಮಾಸ್ಟರ ಕುರ್ಚಿಯ ಹಿಂದೆ, ಗಾಜಿನ ಬಾಗಿಲಿನ ದೊಡ್ಡದೊಂದು ಬೀರುವಿದೆ. ತುಂಬ ಕಾದಂಬರಿಗಳು. ಮಕ್ಕಳು ಅವುಗಳ ಹೆಸರುಗಳನ್ನು ಗಾಜಿನ ಹೊರಗಿನಿಂದ ಬಾಯಿಪಾಠ ಮಾಡಿದ್ದಾರೆ. ಬೀಗದ ಕೈ ಹೆಡ್‌ಮಾಸ್ಟರ ಉಡಿದಾರದಲ್ಲಿದೆ, ಅದನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ತಾವು ಆ ಕಡೆ ಸಂಚಾರ ಹೊರಟಾಗ ಸ್ವಲ್ಪ ಒಳಗೆ ನುಸುಳಿ, ಒಂದು ಗೇಣುದ್ದ ಪೊರೆ ಬಿಟ್ಟು ಬಂದರೆ ಸಾಕು. ಮಿಕ್ಕದ್ದನ್ನು ಆ ಊರಿನ ಅಜ್ಜಿಯರು ನೋಡಿಕೊಳ್ಳುತ್ತಾರೆ.